ಕ್ಯಾನನ್ 1500ಡಿಗೆ ಆರು ಸಾವಿರದ ಆಸುಪಾಸಿನಲ್ಲಿ ಯಾವ ಫ್ಲಾಶ್ ತಗೊಳ್ಳಬಹುದು?

ನಿಮ್ಮ ಹತ್ತಿರ ಇರುವುದು ಕ್ಯಾನನ್ 1500ಡಿ, ಜೊತೆಗೆ ಬಂದ 18-55 ಲೆನ್ಸ್. ಮುಂದಿನ ತಿಂಗಳು ಅಕ್ಕನ ಮಗುವಿನ ನಾಮಕರಣ, ಅದೂ ಮನೆಯಲ್ಲೇ. ಕ್ಯಾಮೆರಾದೊಳಗಿನ ಫ್ಲಾಶ್ ಹಾಕಿದರೆ ಮುಖಗಳು ಸುಣ್ಣ ಬಳಿದ ಹಾಗೆ ಬರುತ್ತವೆ, ಹಿಂದೆಲ್ಲ ಕತ್ತಲೆ. ಗೈಡ್ ನಂಬರ್ (ಫ್ಲಾಶ್ ಎಷ್ಟು ಜೋರು ಅಂತ ಹೇಳುವ ಸಂಖ್ಯೆ) 58 ಇರುವ ಒಂದು ಮ್ಯಾನುಯಲ್ ಫ್ಲಾಶ್, ಅಂದರೆ ಬೆಳಕು ಎಷ್ಟಿರಬೇಕು ಅಂತ ನಾವೇ ಹೊಂದಿಸಬೇಕಾದದ್ದು, ಆನ್‌ಲೈನ್‌ನಲ್ಲಿ ಕಡಿಮೆ ಬೆಲೆಗೆ ಕಂಡಿದೆ, ತಗೊಳ್ಳಲಾ ಅಂತ ಕೇಳಿದ್ದೀರಿ.

ಈಗಲೇ ಆರ್ಡರ್ ಮಾಡಬೇಡಿ. ಮೊದಲು ಕ್ಯಾಮೆರಾ ಕೈಗೆ ತಗೊಂಡು ಅದರ ನೆತ್ತಿ ನೋಡಿ. ಫ್ಲಾಶ್ ಸಿಕ್ಕಿಸುವ ಲೋಹದ ಜಾಗ ಇದೆಯಲ್ಲ, ಹಾಟ್ ಶೂ ಅನ್ನುತ್ತಾರೆ, ಅದರ ತಳದಲ್ಲಿ ಲೋಹದ ಚುಕ್ಕೆಗಳಿರುತ್ತವೆ. ಸಾಮಾನ್ಯವಾಗಿ ನಟ್ಟನಡುವೆ ಒಂದು ದೊಡ್ಡ ಚುಕ್ಕೆ, ಉಳಿದವು ಸಣ್ಣವು. ಶಟರ್ ತೆರೆದ ಕ್ಷಣಕ್ಕೆ "ಈಗ ಹೊಡಿ" ಅಂತ ಯಾವ ಕಂಪನಿಯ ಫ್ಲಾಶ್‌ಗಾದರೂ ಹೇಳುವುದು ಆ ದೊಡ್ಡ ಚುಕ್ಕೆ. ಸಣ್ಣವು ಕ್ಯಾನನ್ ಫ್ಲಾಶ್ ಜೊತೆ ಮಾತ್ರ ಮಾತಾಡಲು ಇರುವವು. 2018ರಲ್ಲಿ ಬಂದ 1500ಡಿ ಮತ್ತು 3000ಡಿ, 2019ರಲ್ಲಿ ಬಂದ 200ಡಿ ಮಾರ್ಕ್ 2, ಈ ಮಾದರಿಗಳಲ್ಲಿ ನಡುವಿನ ಚುಕ್ಕೆಯೇ ಇಲ್ಲದ ಕ್ಯಾಮೆರಾಗಳು ಮಾರುಕಟ್ಟೆಯಲ್ಲಿವೆ. ನಿಮ್ಮದರಲ್ಲಿ ಅದು ಇಲ್ಲ ಅಂದರೆ ನೀವು ನೋಡಿದ ಮ್ಯಾನುಯಲ್ ಫ್ಲಾಶ್ ಅದರ ಮೇಲೆ ಕೂತರೂ ಮಿಂಚುವುದಿಲ್ಲ. ಗೊಡಾಕ್ಸ್ ಟಿಟಿ600, ಯೊಂಗ್‌ನುವೊ ವೈಎನ್560 ಎಲ್ಲ ಆ ಒಂದೇ ಚುಕ್ಕೆಯನ್ನು ನಂಬಿರುವ ಫ್ಲಾಶ್‌ಗಳು. ಎಷ್ಟೋ ಜನ ಇದು ಗೊತ್ತಿಲ್ಲದೆ ಒಳ್ಳೆಯ ಫ್ಲಾಶನ್ನು ಕೆಟ್ಟಿದೆ ಅಂತ ವಾಪಸ್ ಕಳಿಸುತ್ತಾರೆ.

ಹಾಗಾಗಿ ನನ್ನ ಉತ್ತರ ಎರಡು ದಾರಿಯಲ್ಲಿ ಹೋಗುತ್ತದೆ. ನಡುವಿನ ಚುಕ್ಕೆ ಇದ್ದರೆ ಟಿಟಿ600 ತಗೊಳ್ಳಿ. ಈ ದುಡ್ಡಿಗೆ ಅದಕ್ಕಿಂತ ಒಳ್ಳೆಯದನ್ನು ನಾನು ಬಳಸಿಲ್ಲ. ಮುಂದೊಂದು ದಿನ ಟ್ರಿಗರ್ (ಕ್ಯಾಮೆರಾ ಮೇಲೆ ಕೂತು ಫ್ಲಾಶ್‌ಗೆ ರೇಡಿಯೊ ಸಂಕೇತ ಕಳಿಸುವ ಪುಟ್ಟ ಸಾಧನ) ಕೊಂಡರೆ ಅದನ್ನು ಕ್ಯಾಮೆರಾದಿಂದ ದೂರ ಇಟ್ಟು ಮಿಂಚಿಸಲು ಬೇಕಾದ ರೇಡಿಯೊ ರಿಸೀವರ್ ಅದರೊಳಗೇ ಇದೆ. ಚುಕ್ಕೆ ಇಲ್ಲದಿದ್ದರೆ ಕ್ಯಾನನ್‌ಗಂತಲೇ ಮಾಡಿದ ಫ್ಲಾಶ್ ಬೇಕು. ಗೊಡಾಕ್ಸ್‌ನಲ್ಲಿ ಹೆಸರಿನ ಕೊನೆಯ ಅಕ್ಷರ ನೋಡಿ: ಸಿ ಅಂದರೆ ಕ್ಯಾನನ್, ಎನ್ ಅಂದರೆ ನಿಕಾನ್, ಎಸ್ ಅಂದರೆ ಸೋನಿ. ನಿಮಗೆ ಟಿಟಿ350ಸಿ ಹತ್ತಿರ ಬರುತ್ತದೆ, ಬಜೆಟ್ ಸ್ವಲ್ಪ ಮೀರಬಹುದು. ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ ಅಂದರೆ ಕ್ಯಾನನ್‌ನ ಹಳೆಯ 430ಇಎಕ್ಸ್ 2 ಹುಡುಕಿ, ತುಂಬ ಗಟ್ಟಿ ಫ್ಲಾಶ್. ಯಾವುದೇ ಆಗಲಿ, ಕ್ಯಾಮೆರಾ ಜೊತೆಗೇ ಅಂಗಡಿಗೆ ಹೋಗಿ. ಅದರ ಮೇಲೆ ಸಿಕ್ಕಿಸಿ ಹತ್ತು ಸಲ ಹೊಡೆದು ನೋಡಿದ ಮೇಲೇ ದುಡ್ಡು ಕೊಡಿ.

ಈಗ ಗೈಡ್ ನಂಬರ್ ವಿಷಯ. ಈ ಸಂಖ್ಯೆಯನ್ನು ಲೆನ್ಸಿನ ಎಫ್ ಸಂಖ್ಯೆಯಿಂದ (ಲೆನ್ಸಿನ ಬಾಯಿ ಎಷ್ಟು ತೆರೆದಿದೆ ಅನ್ನುವ ಅಳತೆ) ಭಾಗಿಸಿದರೆ ಐಎಸ್‌ಒ (ಕ್ಯಾಮೆರಾ ಬೆಳಕಿಗೆ ಎಷ್ಟು ಸೂಕ್ಷ್ಮ ಅನ್ನುವ ಅಳತೆ) 100ರಲ್ಲಿ ಬೆಳಕು ಎಷ್ಟು ಮೀಟರ್ ದೂರ ಮುಟ್ಟುತ್ತದೆ ಅಂತ ಸಿಗುತ್ತದೆ. ನಿಮ್ಮ ಕ್ಯಾಮೆರಾದ ಒಳಫ್ಲಾಶ್‌ನದು 9.2. ಲೆನ್ಸನ್ನು ಪೂರ್ತಿ ಜೂಮ್ ಮಾಡಿದಾಗ ಎಫ್ 5.6, ಅಂದರೆ 1.6 ಮೀಟರ್ ಅಷ್ಟೇ. ಹಿಂದೆಲ್ಲ ಕತ್ತಲೆ ಬರುವುದು ಅದಕ್ಕೇ. ದೂರ ಎರಡರಷ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಮಗುವಿನ ಮುಖಕ್ಕೆ ಬೆಳಕು ಸಾಕಾದರೂ ಹಿಂದೆ ನಿಂತ ಅಜ್ಜಿಯವರೆಗೆ ಅದು ಹೋಗಿರುವುದಿಲ್ಲ.

58 ಅಂದ ತಕ್ಷಣ ಆರು ಪಟ್ಟು ಜೋರು ಅಂತ ಅಂದುಕೊಳ್ಳಬೇಡಿ. ಫ್ಲಾಶ್ ತಲೆಯೊಳಗೂ ಜೂಮ್ ಇರುತ್ತದೆ. ಬೆಳಕನ್ನು ಕಿರಿದಾಗಿ ಹಿಡಿದಷ್ಟೂ ಸಂಖ್ಯೆ ಏರುತ್ತದೆ. ವೈಎನ್560ರ 58 ಅಳೆದಿರುವುದು 105 ಎಂಎಂ ಜೂಮಿನಲ್ಲಿ. ಟಿಟಿ600ರ 60 ಅಳೆದಿರುವುದು 200 ಎಂಎಂನಲ್ಲಿ. ಹಾಗಾಗಿ ಸಂಖ್ಯೆ ದೊಡ್ಡದಿದ್ದರೂ ಎರಡನೆಯದು ಜಾಸ್ತಿ ಜೋರು ಅಂತ ಹೇಳಲಾಗದು. ಟಿಟಿ350ಸಿಯ 36 ಕೂಡ 105 ಎಂಎಂನದೇ. ಮನೆಯ ಕೋಣೆಗೆ ಅದು ಸಾಕು. ಐಎಸ್‌ಒ 400 ಇಟ್ಟರೆ ಬೆಳಕು ಮುಟ್ಟುವ ದೂರ ಎರಡರಷ್ಟಾಗುತ್ತದೆ, ಅದಕ್ಕೆ ಪೈಸೆ ಖರ್ಚಿಲ್ಲ.

ಜೋರಿಗಿಂತ ನಾನು ಮೊದಲು ನೋಡುವುದು ತಲೆ ತಿರುಗುತ್ತದಾ ಅಂತ. ಮೇಲಕ್ಕೂ ಏಳಬೇಕು, ಎಡಬಲಕ್ಕೂ ತಿರುಗಬೇಕು. ನನ್ನ ಮೊದಲ ಫ್ಲಾಶ್ ಮೇಲಕ್ಕೆ ಮಾತ್ರ ಏಳುತ್ತಿತ್ತು. ಚಿಕ್ಕದು, ಹಗುರ, ಅಗ್ಗ ಅಂತ ತಗೊಂಡಿದ್ದೆ. ಕ್ಯಾಮೆರಾ ಅಡ್ಡ ಹಿಡಿದಾಗ ಚೆನ್ನಾಗಿತ್ತು. ಒಬ್ಬರನ್ನೇ ನಿಲ್ಲಿಸಿ ತೆಗೆಯಲು ಕ್ಯಾಮೆರಾ ಉದ್ದಕ್ಕೆ ತಿರುಗಿಸಿದರೆ ಬೆಳಕು ಮೇಲಕ್ಕೆ ಹೋಗುವ ಬದಲು ಪಕ್ಕದ ಗೋಡೆಗೆ ಹೋಗುತ್ತಿತ್ತು. ಚಿಕ್ಕಮ್ಮನ ಮಗಳ ಸೀಮಂತದ ಫೋಟೋಗಳಲ್ಲಿ ಅರ್ಧ ಮುಖ ಬೆಳಗಿದೆ, ಅರ್ಧ ಮಬ್ಬು. ಅವಳು ಒಮ್ಮೆಯೂ ಬೇಜಾರು ಹೇಳಿಲ್ಲ, ಆದರೆ ಆ ಆಲ್ಬಂ ತೆರೆದಾಗಲೆಲ್ಲ ನನಗೆ ನೋವಾಗುತ್ತದೆ. ಕ್ಯಾನನ್ 270ಇಎಕ್ಸ್ 2, ನಿಕಾನ್ ಎಸ್‌ಬಿ-300 ಇಂಥ ಪುಟ್ಟ ಫ್ಲಾಶ್‌ಗಳ ತಲೆಯೂ ಮೇಲಕ್ಕೆ ಮಾತ್ರ ಏಳುತ್ತದೆ. ಕಂಪನಿ ಹೆಸರು ನೋಡಿ ಸುಮ್ನೆ ತಗೊಂಡುಬಿಡಬೇಡಿ.

ತಲೆ ಯಾಕೆ ತಿರುಗಬೇಕು ಅಂದರೆ, ಮನೆಯೊಳಗೆ ಫ್ಲಾಶನ್ನು ಮುಖಕ್ಕೆ ನೇರ ಹೊಡೆಯಲೇಬಾರದು. ಫ್ಲಾಶ್‌ನ ಗಾಜು ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದು, ಅಷ್ಟೇ. ಅಷ್ಟು ಚಿಕ್ಕ ಜಾಗದಿಂದ ಬಂದ ಬೆಳಕು ಗಡುಸಾಗಿ ಬೀಳುತ್ತದೆ. ಮೂಗಿನ ಪಕ್ಕ ಕಪ್ಪು ಗೆರೆ, ಹಣೆಯ ಮೇಲೆ ಎಣ್ಣೆ ಹೊಳಪು, ಸೀರೆಯ ಜರಿಯೆಲ್ಲ ಬೆಳ್ಳಿ ತಗಡಿನ ಹಾಗೆ. ಅದೇ ಬೆಳಕನ್ನು ಬಿಳಿ ಛಾವಣಿಗೆ ಹೊಡೆಯಿರಿ. ಆಗ ಐದಾರು ಅಡಿ ಅಗಲದ ಛಾವಣಿಯೇ ನಿಮ್ಮ ದೀಪ. ಮುಖಕ್ಕೆ ಮೇಲಿನಿಂದ ಮೆತ್ತಗೆ ಇಳಿಯುತ್ತದೆ, ಹಿಂದಿನ ಗೋಡೆಗೂ ಅಜ್ಜಿಗೂ ಪಾಲು ಸಿಗುತ್ತದೆ. ನನಗೆ ಇದಕ್ಕಿಂತಲೂ ಇಷ್ಟವಾದದ್ದು ಪಕ್ಕದ ಗೋಡೆ. ಫ್ಲಾಶ್ ತಲೆಯನ್ನು ನಿಮ್ಮ ಹೆಗಲ ಮೇಲಿನಿಂದ ಹಿಂದಿನ ಎಡಗೋಡೆಗೋ ಬಲಗೋಡೆಗೋ ತಿರುಗಿಸಿ. ಬೆಳಗಿನ ಹೊತ್ತು ಕಿಟಕಿ ಪಕ್ಕ ಕೂತವರ ಮುಖ ಹೇಗಿರುತ್ತದೆ ಅಲ್ವಾ, ಹಾಗೇ ಬರುತ್ತದೆ. ಒಂದು ಕಡೆ ಬೆಳಕು, ಇನ್ನೊಂದು ಕಡೆ ತಿಳಿ ನೆರಳು. ಮಗುವಿನ ಕಣ್ಣಿಗೆ ನೇರ ಮಿಂಚು ಬಡಿಯುವುದೂ ಇಲ್ಲ.

ಆದರೆ ಇದು ಎಲ್ಲ ಮನೆಯಲ್ಲಿ ನಡೆಯುವುದಿಲ್ಲ. ಆರ್‌ಸಿಸಿ ಮನೆ, ಬಿಳಿ ಸುಣ್ಣ, ಹತ್ತು ಅಡಿ ಎತ್ತರ ಇದ್ದರೆ ಸ್ವರ್ಗ. ನಮ್ಮ ಕಡೆಯ ಹಳೆಯ ಹೆಂಚಿನ ಮನೆಗಳಲ್ಲಿ ಮೇಲೆ ಕಪ್ಪಾದ ಮರದ ತೊಲೆಗಳು, ಹೊಗೆ ಹಿಡಿದ ಹೆಂಚು. ಎಷ್ಟು ಬೆಳಕು ಕೊಟ್ಟರೂ ನುಂಗಿಬಿಡುತ್ತದೆ, ವಾಪಸ್ ಬರುವ ಚೂರುಪಾರೂ ಕೆಂಪಗಿರುತ್ತದೆ. ಗೋಡೆಯ ಬಣ್ಣವೂ ಮುಖಕ್ಕೆ ಹತ್ತುತ್ತದೆ. ಹಸಿರು ಗೋಡೆಗೆ ಹೊಡೆದರೆ ಎಲ್ಲರೂ ಕಾಯಿಲೆ ಬಿದ್ದವರ ಹಾಗೆ ಕಾಣುತ್ತಾರೆ. ಅಂಗಳದಲ್ಲಿ ಶಾಮಿಯಾನ ಹಾಕಿಸಿದರೆ ಅದರ ಕೆಂಪು, ಹಳದಿ ಬಟ್ಟೆಯದೂ ಅದೇ ಕತೆ. ಇಂಥ ಕಡೆ ನಾನು ಫ್ಲಾಶ್ ತಲೆಯನ್ನು ಮೇಲಕ್ಕೆತ್ತಿ, ಅದರ ಹಿಂಬದಿಗೆ ಒಂದು ಬಿಳಿ ರಟ್ಟನ್ನು ರಬ್ಬರ್ ಬ್ಯಾಂಡ್ ಹಾಕಿ ನಿಲ್ಲಿಸುತ್ತೇನೆ. ಹಳೆಯ ಲಗ್ನಪತ್ರಿಕೆಯ ಖಾಲಿ ಬದಿ ಸಾಕು, ಅಂಗೈಯಷ್ಟು ಅಗಲ ಇರಲಿ. ಗೋಡೆಯಷ್ಟು ಮೆತ್ತಗಿನ ಬೆಳಕು ಇದರಿಂದ ಬರುವುದಿಲ್ಲ, ಆದರೆ ನೇರ ಹೊಡೆಯುವುದಕ್ಕಿಂತ ಎಷ್ಟೋ ವಾಸಿ. ಅಕ್ಕನ ಮನೆ ಎಂಥದು ಅಂತ ನೀವು ಬರೆದಿಲ್ಲ. ಹೋಗಿ ಛಾವಣಿ ನೋಡಿಕೊಂಡು ಬನ್ನಿ.

ಟಿಟಿಎಲ್ ಬೇಕಾ, ಮ್ಯಾನುಯಲ್ ಸಾಕಾ? ಟಿಟಿಎಲ್ ಅಂದರೆ ಫೋಟೋಗೆ ಸ್ವಲ್ಪ ಮುಂಚೆ ಫ್ಲಾಶ್ ಒಂದು ಸಣ್ಣ ಮಿಂಚು ಬಿಟ್ಟು, ಕ್ಯಾಮೆರಾ ಅದನ್ನು ಅಳೆದು, ಎಷ್ಟು ಬೆಳಕು ಬೇಕು ಅಂತ ತಾನೇ ನಿರ್ಧರಿಸುವುದು. ಮ್ಯಾನುಯಲ್‌ನಲ್ಲಿ ಪೂರ್ತಿ, ಅರ್ಧ, ಕಾಲು, ಹೀಗೆ 128ರಲ್ಲಿ ಒಂದು ಭಾಗದವರೆಗೆ ನೀವೇ ಇಳಿಸಬೇಕು. ಕಲಿಯಲು ಮ್ಯಾನುಯಲ್ ಒಳ್ಳೆಯ ಮೇಷ್ಟ್ರು, ಇದನ್ನು ನಾನು ಮನಸಾರೆ ಹೇಳುತ್ತೇನೆ. ಆದರೆ ನಾಮಕರಣದಲ್ಲಿ ಜನ ಒಂದು ಕಡೆ ನಿಲ್ಲುವುದಿಲ್ಲ. ಒಬ್ಬರು ನಾಲ್ಕು ಅಡಿಯಲ್ಲಿ, ಇನ್ನೊಬ್ಬರು ಹತ್ತು ಅಡಿಯಲ್ಲಿ. ತೊಟ್ಟಿಲ ಹತ್ತಿರ ನುಗ್ಗುವ ಅತ್ತೆ ಚಿಕ್ಕಮ್ಮಂದಿರನ್ನು ತಡೆದು ಪವರ್ ಬದಲಿಸುತ್ತಾ ಕೂರಲು ಆಗುತ್ತದಾ? ಒಂದೇ ತಿಂಗಳು ಸಮಯ ಇರುವ ನಿಮಗೆ ಟಿಟಿಎಲ್ ಇದ್ದರೆ ನೆಮ್ಮದಿ. ಮ್ಯಾನುಯಲ್ಲೇ ತಗೊಂಡರೆ ಒಂದು ಸಮಾಧಾನ ಇದೆ. ಛಾವಣಿಗೆ ಹೊಡೆದ ಬೆಳಕು ಕೋಣೆಯಲ್ಲಿ ಹೆಚ್ಚುಕಡಿಮೆ ಸಮನಾಗಿ ಹರಡುವುದರಿಂದ ಪವರ್ ಪದೇ ಪದೇ ಮುಟ್ಟಬೇಕಾಗುವುದಿಲ್ಲ.

ಚುಕ್ಕೆ ಇಲ್ಲದ ಕ್ಯಾಮೆರಾ, ಆದರೆ ಗೆಳೆಯರ ಮ್ಯಾನುಯಲ್ ಫ್ಲಾಶ್ ಎರವಲು ಸಿಗುತ್ತದೆ ಅನ್ನುವವರಿಗೆ ಒಂದು ಉಪಾಯ. ಅದರಲ್ಲಿ ಎಸ್2 ಅನ್ನುವ ಮೋಡ್ ಇದೆಯಾ ನೋಡಿ. ಬೇರೆ ಫ್ಲಾಶ್ ಮಿಂಚಿದ್ದನ್ನು ಕಂಡು ತಾನೂ ಮಿಂಚುವ ಮೋಡ್ ಅದು, ಅಳತೆಯ ಮೊದಲ ಮಿಂಚನ್ನು ಬಿಟ್ಟು ಎರಡನೆಯದಕ್ಕೆ ಹೊಡೆಯುತ್ತದೆ. ಫ್ಲಾಶನ್ನು ಮೂಲೆಯ ಕಪಾಟಿನ ಮೇಲೆ ಗೋಡೆಗೆ ಮುಖ ಮಾಡಿ ಇಡಿ. ಕ್ಯಾಮೆರಾದ ಒಳಫ್ಲಾಶ್ ತೆರೆದು ಅದರ ಬೆಳಕನ್ನು ಮೆನುವಿನಲ್ಲಿ ಕಡಿಮೆ ಮಾಡಿ. ಮನೆಯೊಳಗೆ ಚೆನ್ನಾಗಿ ನಡೆಯುತ್ತದೆ, ಬಿಸಿಲಲ್ಲಿ ನಡೆಯುವುದು ಕಷ್ಟ.

ಸೆಲ್‌ಗೆ ದುಡ್ಡು ಬೇರೆ ತೆಗೆದಿಡಿ. ಟಿಟಿ350ಗೆ ಎರಡು ಎಎ ಸೆಲ್, ಟಿಟಿ600ಗೆ ನಾಲ್ಕು. ಅಂಗಡಿಯ ಮಾಮೂಲಿ ಸೆಲ್ ಹಾಕಿದರೆ ಒಂದು ಮಿಂಚಿನಿಂದ ಇನ್ನೊಂದಕ್ಕೆ ಕಾಯುತ್ತಾ ನಿಲ್ಲಬೇಕು, ಅಷ್ಟರಲ್ಲಿ ಮಗುವಿನ ಕಿವಿಯಲ್ಲಿ ಹೆಸರು ಹೇಳಿ ಮುಗಿದಿರುತ್ತದೆ. ಎನೆಲೂಪ್ ಥರದ ನಿಕಲ್ ಮೆಟಲ್ ಹೈಡ್ರೈಡ್ ರೀಚಾರ್ಜ್ ಸೆಲ್ ತಗೊಳ್ಳಿ. 1.2 ವೋಲ್ಟ್ ಅಂತ ಬರೆದಿದ್ದರೂ ಅವು ಕರೆಂಟನ್ನು ಬೇಗ ಬಿಟ್ಟುಕೊಡುತ್ತವೆ. ಎರಡು ಸೆಟ್ ಇರಲಿ. ಕೆಲಸ ಮುಗಿದ ಮೇಲೆ ಸೆಲ್ ತೆಗೆದೇ ಇಡಿ, ಒಳಗೇ ಬಿಟ್ಟು ಸೋರಿದರೆ ಫ್ಲಾಶ್ ಹಾಳು.

ಎಚ್ಚರಿಕೆಯ ಮಾತೊಂದು. ಮನೆಯಲ್ಲಿ ಮಾವನೋ ದೊಡ್ಡಪ್ಪನೋ ರೀಲ್ ಕ್ಯಾಮೆರಾ ಕಾಲದ ಫ್ಲಾಶ್ ಇಟ್ಟಿದ್ದರೆ ಪ್ರೀತಿಯಿಂದ ನೋಡಿ, ಕ್ಯಾಮೆರಾಗೆ ಮಾತ್ರ ಸಿಕ್ಕಿಸಬೇಡಿ. ಆ ಕಾಲದ ಕೆಲವು ಫ್ಲಾಶ್‌ಗಳು, ವಿವಿಟಾರ್ 283ರ ಮೊದಮೊದಲ ಪೀಸ್‌ಗಳ ಥರದವು, ಶೂ ಮೂಲಕ 200 ವೋಲ್ಟಿಗೂ ಮೀರಿ ಬಿಡುತ್ತವೆ. ಈಗಿನ ಕ್ಯಾಮೆರಾದೊಳಗಿನ ಸರ್ಕ್ಯೂಟ್ ಅದಕ್ಕೆ ಸುಟ್ಟುಹೋಗಬಹುದು.

ಬೇರೆ ಕ್ಯಾಮೆರಾದವರೂ ಇದನ್ನು ಓದಬಹುದು, ಅವರಿಗೆ ಚುಟುಕಾಗಿ. ನಿಕಾನ್ ಡಿ3500, ಡಿ5600ಗಳಲ್ಲಿ ನಡುವಿನ ಚುಕ್ಕೆ ಇದೆ, ಟಿಟಿ600 ನಡೆಯುತ್ತದೆ. ಆದರೆ ಅವುಗಳಲ್ಲಿ ಹೈ ಸ್ಪೀಡ್ ಸಿಂಕ್ (ತುಂಬ ವೇಗದ ಶಟರ್‌ನಲ್ಲೂ ಫ್ಲಾಶ್ ಹೊಡೆಯುವ ಸೌಲಭ್ಯ) ಇಲ್ಲ, ಅದಕ್ಕಾಗಿ ಜಾಸ್ತಿ ದುಡ್ಡು ಕೊಡಬೇಡಿ. ಸೋನಿಯವರು ಎಸ್ ಅಕ್ಷರದ ಮಾದರಿಯನ್ನೇ ಕೇಳಿ. ಝಡ್‌ವಿ-ಇ10ರ ಎರಡನೇ ಮಾದರಿಗೆ ಮೆಕ್ಯಾನಿಕಲ್ ಶಟರ್ ಇಲ್ಲ, ಫ್ಲಾಶ್ ನಡೆಯುವುದಿಲ್ಲ.

ನಿಮ್ಮ ಫ್ಲಾಶ್ ಬಂದ ಮೇಲೆ ಇಷ್ಟರಿಂದ ಶುರು ಮಾಡಿ. ಕ್ಯಾಮೆರಾ ಎಂ ಮೋಡಿನಲ್ಲಿ, ಶಟರ್ 1/125, ಎಫ್ 5.6, ಐಎಸ್‌ಒ 800, ಫ್ಲಾಶ್ ತಲೆ ಛಾವಣಿಗೆ. ಶಟರ್ 1/200 ದಾಟಿಸಬೇಡಿ, ದಾಟಿದರೆ ಫೋಟೋದಲ್ಲಿ ಕಪ್ಪು ಪಟ್ಟಿ ಬೀಳುತ್ತದೆ. ಕೋಣೆಯ ದೀಪದ ಬೆಳಕು ಇನ್ನೂ ಬೇಕು ಅನ್ನಿಸಿದರೆ 1/60ಕ್ಕೆ ಇಳಿಸಿ. ಮನೆಯವರೊಬ್ಬರನ್ನು ಕೂರಿಸಿ, ರಾತ್ರಿ ಹೊತ್ತು, ಬೇರೆ ಬೇರೆ ಗೋಡೆಗೆ ಹೊಡೆದು ನೋಡಿ. ನಾಲ್ಕು ರಾತ್ರಿಯಲ್ಲಿ ಕೈ ಪಳಗುತ್ತದೆ. ನಾಮಕರಣದ ದಿನ ಆರತಿ ಎತ್ತುವಾಗ ಮಾತ್ರ ಫ್ಲಾಶ್ ಆಫ್ ಮಾಡಿ, ಐಎಸ್‌ಒ ಏರಿಸಿ ತೆಗೆಯಿರಿ. ದೀಪದ ಹಳದಿ ಬೆಳಕು ಬಿದ್ದ ಅಮ್ಮನ ಮುಖ ಹಾಗೇ ಇರಲಿ.

ನಿಮ್ಮ ಕ್ಯಾಮೆರಾದ ಶೂ ಕಾಣುವ ಹಾಗೆ ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ಕೆಳಗೆ ಹಾಕಿ. ಚುಕ್ಕೆ ಇದೆಯೋ ಇಲ್ಲವೋ ನೋಡಿ ಹೇಳುತ್ತೇನೆ, ಆಮೇಲೆ ಆರ್ಡರ್ ಮಾಡಿ.