ದಿಢೀರ್ ಕಿವಿ ಕಟ್ಟಿದರೆ: ಗುಗ್ಗೆಯೋ, ನರವೋ?

ಪ್ರಶ್ನೆ: ನಾಲ್ಕು ದಿನದ ಹಿಂದೆ ಬೆಳಿಗ್ಗೆ ಎದ್ದಾಗ ಬಲಗಿವಿ ಕಟ್ಟಿಕೊಂಡಿತ್ತು. ಗುಂಯ್ ಎನ್ನುತ್ತದೆ, ನೋವಿಲ್ಲ. ಮೆಡಿಕಲ್ ಶಾಪಿನಲ್ಲಿ ಗುಗ್ಗೆ ಕರಗಿಸುವ ಡ್ರಾಪ್ಸ್ ಕೊಟ್ಟರು. ಎಷ್ಟು ದಿನ ಹಾಕಬೇಕು?

ಕಿವಿಯೊಳಗೆ ನೋಡದೆ ಡ್ರಾಪ್ಸ್ ಕೊಟ್ಟವರನ್ನು ನಂಬಿ ನಾಲ್ಕು ದಿನ ಕಳೆದಿದ್ದೀರಿ. ಇನ್ನು ಕಾಯಬೇಡಿ. ಈಗಲೇ ಬಾಯಿ ಮುಚ್ಚಿ ‘ಮ್‌ಮ್’ ಎಂದು ಸಣ್ಣಗೆ ಗುನುಗಿ. ದನಿ ಕಟ್ಟಿದ ಕಿವಿಯಲ್ಲೇ ಜೋರಾಗಿ ಕೇಳಿಸಿದರೆ ಶಬ್ದದ ದಾರಿಗೆ ಅಡ್ಡಿಯಿದೆ: ಗುಗ್ಗೆ, ನೀರು, ತಮಟೆಯ ಹಿಂದೆ ತುಂಬಿದ ದ್ರವ. ಒಳ್ಳೆಯ ಕಿವಿಗೆ ಸರಿದರೆ ಒಳಗಿವಿಗೋ ನರಕ್ಕೋ ಪೆಟ್ಟು ಬಿದ್ದಿದೆ. ‘ಕೆಟ್ಟ ಕಿವಿಯಲ್ಲಿ ಜೋರಾಗಿ ಕೇಳುವುದುಂಟೇ’ ಎಂದುಕೊಂಡು ಅನೇಕರು ಉತ್ತರ ಬದಲಿಸುತ್ತಾರೆ, ಕೇಳಿಸಿದ್ದನ್ನೇ ಹೇಳಿ. ಎರಡೂ ಕಿವಿ ಮಂದವಾಗಿದ್ದರೆ ಈ ಪರೀಕ್ಷೆ ಪ್ರಯೋಜನಕ್ಕಿಲ್ಲ.

ಊರಿನ ವೈದ್ಯರಿಗೊಂದು ಮಾತು. 512 ಹರ್ಟ್ಸ್ ಟ್ಯೂನಿಂಗ್ ಫೋರ್ಕ್ (ತಟ್ಟಿದರೆ ಒಂದೇ ಸ್ವರ ಹೊರಡಿಸುವ ಲೋಹದ ಕವೆ) ಬಳಸಿ. 128ರದ್ದು ಕೇಳಿಸುವುದಕ್ಕಿಂತ ಚರ್ಮಕ್ಕೆ ನಡುಗುವುದೇ ಹೆಚ್ಚು. ಮೇಜಿಗೆ ಬಡಿಯದೆ ಮೊಣಕೈಗೆ ತಟ್ಟಿ, ಹಣೆಯ ನಡುವೆ ಒತ್ತಿಡಿ. ಆಮೇಲೆ ಕಿವಿಯ ಹಿಂದಿನ ಮೂಳೆಯ ಮೇಲೆ, ನಂತರ ಕಿವಿಯ ಮುಂದೆ. ಹಿಂದೆಯೇ ಜೋರಾಗಿ ಕೇಳಿಸಿದರೆ ಸಾಮಾನ್ಯವಾಗಿ ಶಬ್ದದ ದಾರಿಗೆ ಅಡ್ಡಿಯೆಂದರ್ಥ. ಎಡವುವುದು ಇಲ್ಲೇ. ಪೂರ್ತಿ ಕೆಟ್ಟ ಕಿವಿಯ ಹಿಂದೆ ಇಟ್ಟರೂ ಮೂಳೆಯ ಮೂಲಕ ಶಬ್ದ ಒಳ್ಳೆಯ ಕಿವಿಗೆ ದಾಟುತ್ತದೆ, ರೋಗಿ ‘ಹಿಂದೆಯೇ ಜೋರು’ ಎನ್ನುತ್ತಾರೆ. ಅದನ್ನೇ ನೆಚ್ಚಿ ಶೀತ ಎಂದು ಮೂಗಿನ ಡ್ರಾಪ್ಸ್ ಬರೆದರೆ ಚಿಕಿತ್ಸೆಯ ಹೊತ್ತು ಮೀರುತ್ತದೆ. ಹಣೆಯ ಶಬ್ದ ಒಳ್ಳೆಯ ಕಿವಿಗೆ ಹೋಯಿತೇ? ಅದನ್ನು ನರದ ತೊಂದರೆಯೆಂದೇ ಹಿಡಿದು ಕಳಿಸಿ. ಗುಗ್ಗೆ ಕಂಡರೆ ತೆಗೆದು ಮತ್ತೆ ಪರೀಕ್ಷಿಸಿ, ಏಕೆಂದರೆ ಎರಡೂ ಒಟ್ಟಿಗಿರಬಹುದು.

ನರದ್ದೆಂಬ ಅನುಮಾನ ಬಂದರೆ ಅದೇ ದಿನ ಇಎನ್‌ಟಿ ವೈದ್ಯರಲ್ಲಿ ಆಡಿಯೋಗ್ರಾಮ್ (ಕೇಳುವ ಶಕ್ತಿ ಅಳೆಯುವ ಪರೀಕ್ಷೆ) ಆಗಲಿ. ಸ್ಟೀರಾಯ್ಡ್ ಕೊಡುವುದಾದರೆ ಮೊದಲ ಎರಡು ವಾರದೊಳಗೆ. ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಸಾಮಾನ್ಯವಾಗಿ ಕಿಲೋ ತೂಕಕ್ಕೆ 1 ಮಿ.ಗ್ರಾಂ, ದಿನಕ್ಕೆ 60 ಮೀರದಂತೆ. ತಾವಾಗಿಯೇ ನುಂಗುವ ಮಾತ್ರೆಯಲ್ಲ ಇದು. ಸಕ್ಕರೆ ಕಾಯಿಲೆ ಇದ್ದರೆ ಮೊದಲೇ ತಿಳಿಸಿ. ಕಿವಿ ಚೇತರಿಸಿದರೂ ನರದ ಮೇಲೆ ಗಡ್ಡೆಯಿಲ್ಲವೆಂದು ಖಚಿತಪಡಿಸಲು ಎಂಆರ್‌ಐ ಹೇಳಿದರೆ ತಪ್ಪಿಸಬೇಡಿ.

ಪ್ರಶ್ನೆ: ಬೆಳ್ಳುಳ್ಳಿ ಕಾಯಿಸಿದ ಎಣ್ಣೆ ಬಿಡಬಹುದೇ?

ಬೇಡ. ತಮಟೆ ತೂತಾಗಿದ್ದರೆ ಎಣ್ಣೆ ನಡುಗಿವಿಗೆ ಇಳಿಯುತ್ತದೆ.

ಪ್ರಶ್ನೆ: ಇಯರ್ ಕ್ಯಾಂಡಲ್?

ಅದು ಗುಗ್ಗೆ ಎಳೆಯುವುದಿಲ್ಲ, ಕಿವಿ ಸುಡುತ್ತದೆ. ಮಾರುವವರು ತೋರಿಸುವುದು ಮೇಣದ ಬೂದಿ.

ಪ್ರಶ್ನೆ: ಕಿವಿ ಕಟ್ಟಿದ ಜೊತೆಗೇ ತಲೆ ತಿರುಗಿ, ಮಾತು ತೊದಲಿದರೆ?

ಪಾರ್ಶ್ವವಾಯು ಇರಬಹುದು. ಗುನುಗುತ್ತಾ ಕೂರಬೇಡಿ, 108ಕ್ಕೆ ಕರೆ ಮಾಡಿ.