ಸರ್ವರ್ ಫಾಸ್ಟ್, ಆದರೂ ಟೈಮೌಟ್!

ಪ್ರಶ್ನೆ: ಕರಾವಳಿಯ ಮೀನಿನ ದರ ತರಿಸಲು ಪೈಥಾನ್‌ನ ಎಐಒಎಚ್‌ಟಿಟಿಪಿ (aiohttp) ಲೈಬ್ರರಿಯಲ್ಲಿ ಒಟ್ಟಿಗೇ 500 ರಿಕ್ವೆಸ್ಟ್ ಕಳಿಸುತ್ತೇನೆ. ಟೈಮೌಟ್ 2 ಸೆಕೆಂಡ್. ಸರ್ವರ್ ಬೇಗನೇ ಉತ್ತರಿಸುತ್ತದೆ, ಆದರೂ ತುಂಬಾ ಫೇಲ್ ಆಗುತ್ತವೆ. ಯಾಕೆ?
– ಓದುಗರು, ಮಲ್ಪೆ

ಉತ್ತರ: ತೊಂದರೆ ಸರ್ವರ್‌ನದ್ದಲ್ಲ. ನೀವು ಕೊಟ್ಟಿದ್ದು ‘ಟೋಟಲ್’ ಟೈಮೌಟ್, ಅಂದರೆ ಇಡೀ ರಿಕ್ವೆಸ್ಟ್‌ಗೆ ಒಟ್ಟು ಗಡುವು, ಅಲ್ವಾ? ಒಂದು ಸೆಷನ್‌ನಲ್ಲಿ ಡೀಫಾಲ್ಟ್ ಆಗಿ ಒಮ್ಮೆಗೆ 100 ಕನೆಕ್ಷನ್ ಮಾತ್ರ, ಉಳಿದ 400 ರಿಕ್ವೆಸ್ಟ್ ಸರದಿಯಲ್ಲಿ ಕಾಯುತ್ತಿರುವಾಗಲೂ ಆ 2 ಸೆಕೆಂಡ್ ಓಡುತ್ತಲೇ ಇರುತ್ತದೆ, ಹಾಗಾಗಿ ಎಷ್ಟೋ ರಿಕ್ವೆಸ್ಟ್ ನಿಮ್ಮ ಲ್ಯಾಪ್‌ಟಾಪ್ ಬಿಟ್ಟು ಹೊರಡುವುದೇ ಇಲ್ಲ. ಸೆಮಫೋರ್ (ಒಮ್ಮೆಗೆ ಇಷ್ಟೇ ಎಂದು ಮಿತಿ ಹಾಕುವ ವ್ಯವಸ್ಥೆ) ಹಾಕಿ, ಅದರ ಒಳಗೇ ಡೇಟಾ ತರಿಸುವ ‘ಗೆಟ್’ ಕರೆಯಿರಿ, ಒಂದು ಸಲಕ್ಕೆ 50 ಬಿಡಿ. 2 ಸೆಕೆಂಡನ್ನು ಸರ್ವರ್‌ನಿಂದ ಡೇಟಾ ಬರಲು ಕಾಯುವ ಮಿತಿಯಾದ ‘ಸಾಕ್_ರೀಡ್’ಗೆ (sock_read) ಕೊಡಿ, ಟೋಟಲ್ 30 ಇರಲಿ. ಇನ್ನೊಂದು: ಟೈಮೌಟ್ ಆಯ್ತೆಂದು ಸರ್ವರ್‌ಗೆ ಡೇಟಾ ಕಳಿಸುವ ‘ಪೋಸ್ಟ್’ ರಿಕ್ವೆಸ್ಟನ್ನು ಸುಮ್ನೆ ಮತ್ತೆ ಕಳಿಸಬೇಡಿ, ಸರ್ವರ್ ಆ ಕೆಲಸ ಆಗಲೇ ಮುಗಿಸಿರಬಹುದು.