ಕಾಫಿ ಎಲೆಯ ಒಳಭಾಗವನ್ನು ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ಮೂರು ಆಯಾಮಗಳಲ್ಲಿ ನೋಡಬಹುದೇ?

ಎಲೆಯ ತಳಭಾಗದಲ್ಲಿ ಕಿತ್ತಳೆ ಬಣ್ಣದ ಪುಡಿಯಂತೆ ಕಾಣುವ ತುಕ್ಕುರೋಗದ ಶಿಲೀಂಧ್ರವು ಜೀವಕೋಶಗಳೊಳಗೆ ಹೇಗೆ ಚಾಚಿಕೊಂಡಿದೆ ಎಂಬುದನ್ನು ನೋಡಲು ಸಾಧ್ಯವೇ ಎಂದು ಚಿಕ್ಕಮಗಳೂರಿನ ವಿದ್ಯಾರ್ಥಿಯೊಬ್ಬರು ಕೇಳಿದ್ದಾರೆ. ಖಂಡಿತ ಸಾಧ್ಯವಿದೆ.

ಅಡಕತ್ತರಿಯಲ್ಲಿ ಕತ್ತರಿಸಿದ ಅಡಿಕೆಯ ಒಂದೇ ಹೋಳನ್ನು ನೋಡಿದರೆ ಅದರ ಕಂದು ಗೆರೆಗಳು ಎಲ್ಲಿಂದ ಎಲ್ಲಿಗೆ ಸಾಗುತ್ತವೆಂದು ತಿಳಿಯದು. ಹೋಳುಗಳನ್ನೆಲ್ಲ ಕ್ರಮವಾಗಿ ಜೋಡಿಸಿದರೆ ತಿಳಿಯುತ್ತದೆ. ಎಲೆಯನ್ನೂ ಹೀಗೆಯೇ ನೋಡಬಹುದು: 2004ರಲ್ಲಿ ಡೆಂಕ್ ಮತ್ತು ಹಾರ್ಸ್ಟ್‌ಮನ್ ಎಂಬ ವಿಜ್ಞಾನಿಗಳು ಪ್ರಕಟಿಸಿದ ವಿಧಾನದಲ್ಲಿ ಸೂಕ್ಷ್ಮದರ್ಶಕದೊಳಗೇ ಇರುವ ವಜ್ರದ ಅಲಗು ಮಾದರಿಯ ಮೇಲ್ಮೈಯಿಂದ ಸುಮಾರು 50 ನ್ಯಾನೋಮೀಟರ್ ದಪ್ಪದ ಪದರವನ್ನು ಹೆರೆಯುತ್ತದೆ, ಹೊಸ ಮೇಲ್ಮೈಯ ಚಿತ್ರ ತೆಗೆಯಲಾಗುತ್ತದೆ, ಮತ್ತೆ ಹೆರೆಯಲಾಗುತ್ತದೆ. ಶಿಲೀಂಧ್ರವು ಜೀವಕೋಶದೊಳಗೆ ಚಾಚುವ ಹೀರುಬೇರು 5 ಮೈಕ್ರೋಮೀಟರ್ (ಅಂದರೆ 5,000 ನ್ಯಾನೋಮೀಟರ್) ಉದ್ದವಿದ್ದರೆ ಅದು ಇಂತಹ 100 ಚಿತ್ರಗಳಲ್ಲಿ ಹಂಚಿಹೋಗಿರುತ್ತದೆ. ಅಲಗಿನ ಬದಲು ಗ್ಯಾಲಿಯಂ ಲೋಹದ ಅಯಾನುಗಳ (ವಿದ್ಯುದಾವೇಶವಿರುವ ಪರಮಾಣುಗಳ) ಕಿರಣದಿಂದ ಹೆರೆದರೆ ಪದರ 10 ನ್ಯಾನೋಮೀಟರಿಗಿಂತಲೂ ತೆಳುವಾಗಬಹುದು, ಆದರೆ ನೋಡಬಹುದಾದ ಭಾಗ ಚಿಕ್ಕದಾಗುತ್ತದೆ.

ನನ್ನ ಅಭಿಪ್ರಾಯದಲ್ಲಿ ಹೆಚ್ಚು ಶ್ರಮ ಬೇಡುವುದು ಮಾದರಿಯ ಸಿದ್ಧತೆ. ಇಂಗಾಲ, ಜಲಜನಕ, ಆಮ್ಲಜನಕಗಳಂಥ ಹಗುರ ಧಾತುಗಳಿಂದಾದ ಅಂಗಾಂಶದಲ್ಲಿ ಎಲೆಕ್ಟ್ರಾನುಗಳಿಗೆ ಒಂದು ಭಾಗಕ್ಕೂ ಇನ್ನೊಂದಕ್ಕೂ ಹೆಚ್ಚು ವ್ಯತ್ಯಾಸ ಕಾಣದಿರುವುದರಿಂದ, ಪೊರೆಗಳಿಗೆ ಆಸ್ಮಿಯಮ್‌ನಂಥ ಭಾರಲೋಹವನ್ನು ಹಿಡಿಸಿ, ನೀರನ್ನು ಹಂತಹಂತವಾಗಿ ತೆಗೆದು, ರಾಳದಲ್ಲಿ ಗಟ್ಟಿಗೊಳಿಸಬೇಕು. ಕಾಫಿ ಎಲೆಯ ಮೇಣದ ಹೊದಿಕೆಯೂ ಕೋಶಗಳ ನಡುವಿನ ಗಾಳಿಯೂ ಸಿದ್ಧತೆಗೆ ಬಳಸುವ ದ್ರಾವಣ ಒಳಗಿಳಿಯುವುದನ್ನು ತಡೆಯುತ್ತವೆ. ಆದ್ದರಿಂದ ಎಲೆಯನ್ನು ಮಿಲಿಮೀಟರ್ ಗಾತ್ರದ ಚೂರುಗಳಾಗಿ ಕತ್ತರಿಸಿ, ದ್ರಾವಣದಲ್ಲಿ ಮುಳುಗಿಸಿಟ್ಟು, ನಿರ್ವಾತದಲ್ಲಿ ಗಾಳಿ ಹೊರಬರುವಂತೆ ಮಾಡಿರಿ.